ದೇವರ ಬಲ, ನನ್ನ ಎಡ

“ನಾನು ನರ್ಸ್ ಆಗಬೇಕಿದ್ದೋಳು ಕಣ್ರೀ. ದೇವರು ಎಡಕ್ಕೆ ಕೊಟ್ಟ. ಏನ್ ಮಾಡಕ್ಕಾಯ್ತದೆ?”

ಶಶಿರೇಖಾಳ ಬಾಯಲ್ಲಿ ಈ ಮಾತು ಎಷ್ಟು ಸಲ ಬಂದಿದೆಯೋ ಹೇಳುವವರಿಲ್ಲ. ಹೊನ್ನವಳ್ಳಿಯಲ್ಲಿ ಅವಳ ಹತ್ತಿರ ರವಿಕೆ ಹೊಲಿಸುವ ಹೆಂಗಸರು ಅಳತೆ ಕೊಟ್ಟು ಮುಗಿಸುವಷ್ಟರಲ್ಲಿ ಒಂದು ಸಲವಾದರೂ ಇದನ್ನು ಕೇಳಿಸಿಕೊಂಡೇ ಹೋಗಬೇಕು. ಗಂಡ ಈರೇಶ ತಿಪಟೂರಿನಲ್ಲಿ ದಿನವಿಡೀ ತೆಂಗಿನಕಾಯಿ ಸುಲಿದು, ಸೊಂಟ ಹಿಡಿದುಕೊಂಡು ಬಂದು, ಮಾತಾಡದೆ ಉಂಡು ಮಲಗಿದರೂ ಅದೇ ಮಾತು. ಹೊಲಿಗೆ ಮೆಷಿನ್ನಿನ ಬೆಲ್ಟು ಕಿತ್ತರೂ ಅದೇ ಮಾತು. ಊರಿನ ಆಸ್ಪತ್ರೆಯ ನರ್ಸಮ್ಮ ಸ್ಕೂಟಿಯಲ್ಲಿ ಮನೆ ಮುಂದೆ ಹಾದುಹೋದಳೆಂದರೆ ಆವತ್ತು ಆ ಮನೆಯ ಸಾರಿಗೆ ಉಪ್ಪಿಲ್ಲ ಎಂದೇ ತಿಳಿಯಬೇಕು. ಈರೇಶ ಒಳ್ಳೆಯವನು. ಮೊದಮೊದಲು “ಪಾಪ” ಅನ್ನುತ್ತಿದ್ದ, ಆಮೇಲೆ “ಹೂಂ” ಅನ್ನುತ್ತಿದ್ದ, ಈಗ ಅದೂ ಇಲ್ಲ.

ಎಡಕ್ಕೆ ಕೊಡುವುದು ಎಂದರೆ ಇಷ್ಟೇ. ಶೆಟ್ಟಿಕೆರೆಯ ಆಚೆ ಅವಳ ತವರಿನ ಹಟ್ಟಿಯಲ್ಲಿ, ಮದುವೆಯಾಗಲಿ ಮನೆ ಕಟ್ಟುವುದಾಗಲಿ, ದೊಡ್ಡ ಕೆಲಸ ಯಾವುದಿದ್ದರೂ ಮೊದಲು ಹಟ್ಟಿಯ ದೇವರು ರಂಗಪ್ಪನ ಹತ್ತಿರ ಹೂವು ಕೇಳುವುದು ವಾಡಿಕೆ. ಪೂಜಾರಿ ಒಂದು ಕಣಗಿಲೆ ಹೂವನ್ನು ನೀರಲ್ಲಿ ಅದ್ದಿ ದೇವರ ತಲೆಯ ಮೇಲೆ ಅಂಟಿಸುತ್ತಾನೆ. ಹೂವು ಬಲಕ್ಕೆ ಬಿದ್ದರೆ ಆಗಲಿ ಎಂದು ಅರ್ಥ, ಎಡಕ್ಕೆ ಬಿದ್ದರೆ ಬೇಡ ಎಂದು. ಬಲ ಎಂದರೆ ದೇವರ ಬಲ, ಎದುರಿಗೆ ನಿಂತವರ ಬಲ ಅಲ್ಲ. ಹಟ್ಟಿಯಲ್ಲಿ ಮೂಗು ಸುರಿಸಿಕೊಂಡು ಓಡಾಡುವ ಮಕ್ಕಳಿಗೂ ಇದು ಗೊತ್ತು.

ಇಪ್ಪತ್ತೊಂದು ವರ್ಷದ ಹಿಂದೆ ಶಶಿರೇಖಾಳಿಗೆ ಹತ್ತೊಂಬತ್ತು. ಹಟ್ಟಿಯಲ್ಲಿ ಪಿಯುಸಿ ಪಾಸಾದ ಮೊದಲ ಹುಡುಗಿ. ತುಮಕೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿದೆ, ಸೋಮವಾರದೊಳಗೆ ಬಂದು ಸೇರಬೇಕು ಎಂದು ಕಾಗದ ಬಂತು. ಅವ್ವ ಜುಂಜಮ್ಮನಿಗೆ ಇದು ಹಿಡಿಸಲಿಲ್ಲ. ಹೊನ್ನವಳ್ಳಿಯ ಹುಡುಗನ ಕಡೆಯವರು ಹೆಣ್ಣು ಕೇಳಿದ್ದರು, ಕೊಟ್ಟು ಕೈ ತೊಳೆದುಕೊಳ್ಳೋಣ ಎಂಬುದು ಅವಳ ಹಟ. ಅಪ್ಪ ಚಿತ್ತಣ್ಣ ಮಾತ್ರ ಆ ಕಾಗದ ಹಿಡಿದುಕೊಂಡು ಹಟ್ಟಿಯೆಲ್ಲ ಸುತ್ತಿದ. ಓದು ಬಾರದವನು. ಅರ್ಧ ಹಟ್ಟಿಗೆ ಕಾಗದವನ್ನು ತಲೆಕೆಳಗಾಗಿ ತೋರಿಸಿಕೊಂಡು ಬಂದಿದ್ದ.

ಚಿತ್ತಣ್ಣ ಕುರಿ ಕಾಯುವವನು. ಆದರೆ ಯಾರಾದರೂ ನೀನು ಯಾರಪ್ಪ ಎಂದು ಕೇಳಿದರೆ ಗಣೆ ಊದೋನು ಎನ್ನುತ್ತಿದ್ದ. ಗಣೆ ಎಂದರೆ ತೋಳಿಗಿಂತ ಉದ್ದದ ಬಿದಿರಿನ ಕೊಳಲು, ದೇವರ ಸೇವೆಗೆ ಅಂತಲೇ ಇರುವಂಥದ್ದು. ಅವನ ಅಪ್ಪನ ಕೈಯಿಂದ ಅವನ ಕೈಗೆ ಬಂದದ್ದು. ಹೂವು ಕೇಳುವಾಗ ಗುಡಿಯ ಹೊರಗೆ, ಬೇವಿನ ಮರದ ಕೆಳಗೆ ಕೂತು ಚಿತ್ತಣ್ಣ ಗಣೆ ಊದಬೇಕು. ಆಗಲೇ ರಂಗಪ್ಪ ಕಿವಿಗೊಡುವುದು ಎಂದು ಹಟ್ಟಿಯವರ ನಂಬಿಕೆ. ಊದುವಾಗ ಅವನು ಕಣ್ಣು ಮುಚ್ಚುತ್ತಿದ್ದ. ಆಗ ಅವನನ್ನು ಮಾತಾಡಿಸುವ ಧೈರ್ಯ ಜುಂಜಮ್ಮನಿಗೂ ಇರಲಿಲ್ಲ.

“ಮೂವತ್ತು ವರ್ಷ ಅವನಿಗೆ ಊದಿವ್ನಿ. ಒಂದ್ ದಿನಾನೂ ನಂಗೆ ಅಂತ ಏನೂ ಕೇಳಿಲ್ಲ,” ಎಂದು ಅವನು ಹೆಂಡತಿಗೆ ಹೇಳಿದ. “ಇದೊಂದು ಕೇಳ್ತೀನಿ. ನನ್ ಮಾತು ತಗ್ದಾಕಲ್ಲ ಅವನು.”

“ಬಲಕ್ಕೆ ಕೊಟ್ರೆ ನಾನೂ ಬಾಯಿ ಮುಚ್ಕೊತೀನಿ ಬುಡು,” ಎಂದಳು ಜುಂಜಮ್ಮ.

ಹುಡುಗಿಯನ್ನು ಯಾರೂ ಕೇಳಲಿಲ್ಲ ಎಂದು ನೀವು ಅಂದುಕೊಂಡರೆ ತಪ್ಪು. ಹಿಂದಿನ ಸಂಜೆ ಕುರಿ ಕೂಡಿ ಬಂದ ಚಿತ್ತಣ್ಣ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದ್ದ: “ನಿಂಗೆ ಹೋಗಕ್ಕೆ ಇಷ್ಟ ಐತಾ ಮಗ? ನಿಜ ಹೇಳು.” ಅವಳು ನೆಲ ನೋಡಿಕೊಂಡು, “ದೇವರು ಹೆಂಗೆ ಕೊಡ್ತಾನೋ ಹಂಗೆ,” ಎಂದಳು.

ಅವಳಿಗೆ ಭಯ. ಸೀಟಿನ ಸಂದರ್ಶನಕ್ಕೆಂದು ತುಮಕೂರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ದಾರಿ ತಪ್ಪಿ ಒಂದು ಗಂಟೆ ಅತ್ತಿದ್ದಳು. ಹಾಸ್ಟೆಲಿನ ಹುಡುಗಿಯರು ಅವಳು “ಬತ್ತೀನಿ” ಅಂದದ್ದಕ್ಕೆ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ವಾರ್ಡಿನಲ್ಲಿ ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಬಿಚ್ಚುತ್ತಿದ್ದರು, ಆ ವಾಸನೆಗೆ ಎರಡು ದಿನ ಅನ್ನ ಸೇರಿರಲಿಲ್ಲ. ಒಲ್ಲೆ ಅನ್ನಬಹುದಿತ್ತು. ಆದರೆ ಕಾಗದ ಹಿಡಿದು ಹಟ್ಟಿ ಸುತ್ತಿದ ಅಪ್ಪನ ಮುಂದೆ ನಿಂತು ಒಲ್ಲೆ ಅನ್ನುವುದು ಹೇಗೆ? ಅವಳಿಗೆ ಬೇಕಾದದ್ದು ಎರಡು. ಹೋಗಬಾರದು. ತಾನೇ ಹೋಗಲಿಲ್ಲ ಅಂತಲೂ ಆಗಬಾರದು.

ಮಾರನೆಯ ದಿನ ಮಧ್ಯಾಹ್ನ ಗುಡಿಯೊಳಗೆ ಇದ್ದವರು ಇಬ್ಬರೇ, ಅವಳು ಮತ್ತು ಪೂಜಾರಿ ಹುಚ್ಚರಂಗಯ್ಯ. ಹುಚ್ಚರಂಗಯ್ಯನಿಗೆ ಎರಡೂ ಕಣ್ಣಿಗೆ ಪೊರೆ. ತಡವಿಕೊಂಡು ಹೂವು ಅಂಟಿಸಿ ಕೈ ಮುಗಿದು ನಿಂತ. ಹೊರಗಿಂದ ಗಣೆಯ ಸದ್ದು ಬರುತ್ತಿತ್ತು. ಆವತ್ತು ಚಿತ್ತಣ್ಣ ಊದಿದ ಹಾಗೆ ಯಾವತ್ತೂ ಊದಿರಲಿಲ್ಲ ಎಂದು ಆಮೇಲೆ ಹಟ್ಟಿಯವರೆಲ್ಲ ಹೇಳಿದರು. ಶಶಿರೇಖಾ ಕಣ್ಣು ಪಿಳುಕಿಸದೆ ಹೂವನ್ನೇ ನೋಡುತ್ತಿದ್ದಳು. ಎಡಕ್ಕೆ ಬೀಳಪ್ಪ, ಎಡಕ್ಕೆ ಬೀಳಪ್ಪ ಎಂದು ಒಳಗೇ ಬೇಡುತ್ತಿದ್ದಳು.

ಹೂವು ಬಿತ್ತು. ದೇವರ ಬಲಭುಜವನ್ನು ಸವರಿಕೊಂಡು, ಬಲಪಾದದ ಹತ್ತಿರ, ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ ಬಿತ್ತು.

“ಬಿತ್ತೇನವ್ವ?” ಎಂದ ಹುಚ್ಚರಂಗಯ್ಯ.

“ಬಿತ್ತು.”

“ಯಾವ ಕಡೀಕೆ?”

ದೇವರ ಬಲ ಎಂದರೆ ಅವಳ ಎಡ. ಹೂವು ಬಿದ್ದಿದ್ದ ಕಡೆಯ ಕೈಯಲ್ಲಿ ಅವಳು ಕಟ್ಟಿದ್ದ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. “ಎಡಕ್ಕೆ,” ಎಂದಳು.

ಮುದುಕ ನಿಟ್ಟುಸಿರು ಬಿಟ್ಟ. ಯಾರ ಎಡ ಎಂದು ಕೇಳಲಿಲ್ಲ. ಹಟ್ಟಿಯಲ್ಲಿ ಹುಟ್ಟಿ ಬೆಳೆದವಳನ್ನು ಅದನ್ನು ಯಾಕೆ ಕೇಳುತ್ತಾನೆ?

ಅವಳು ಹೊರಗೆ ಬಂದಾಗ ಗಣೆ ನಿಂತಿತು. “ಏನಂದ?” ಎಂದ ಚಿತ್ತಣ್ಣ. ಅವನ ಮುಖದಲ್ಲಿ ಆಗಲೇ ನಗು ಇತ್ತು. ಅವಳು “ಎಡ” ಎಂದಳು. ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಎದ್ದು, ಮೆಟ್ಟು ಕಾಲಲ್ಲಿದ್ದ ಹಾಗೆಯೇ ಗುಡಿಯ ಹೊಸ್ತಿಲ ತನಕ ಹೋದ. “ಮೂವತ್ತು ವರ್ಷ ಕಣೋ!” ಎಂದು ದೇವರ ಮುಖಕ್ಕೆ ಕೂಗಿದ. “ಮೂವತ್ತು ವರ್ಷ ಉಸುರು ಕೊಟ್ಟಿವ್ನಿ ನಿಂಗೆ. ಒಂದ್ ಹೂವು ಕೊಡಕ್ಕಾಗ್ಲಿಲ್ವಾ ನಿನ್ ಕೈಯಾಗೆ? ಥೂ!” ಹುಚ್ಚರಂಗಯ್ಯ ಕಿವಿ ಮುಚ್ಚಿಕೊಂಡ. ಮನೆಗೆ ಬಂದ ಚಿತ್ತಣ್ಣ ಗಣೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಅಟ್ಟಕ್ಕೆ ಹಾಕಿದ.

ನಾಳೆ ಹೇಳುತ್ತೇನೆ ಎಂದುಕೊಂಡಳು ಶಶಿರೇಖಾ. ನಾಳೆ ಆಯಿತು. ಸೋಮವಾರವೂ ಆಯಿತು. ಕಾಗದದ ಅವಧಿ ಮುಗಿಯಿತು, ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡಳು. ಆಷಾಢ ಕಳೆದ ಮೇಲೆ ಮದುವೆಯೂ ಆಯಿತು. ನನ್ನ ಎಡಕ್ಕೆ ತಾನೆ ಬಿದ್ದದ್ದು, ನಾನು ಹೇಳಿದ್ದು ಸುಳ್ಳಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ, ಮೂರು ನಾಲ್ಕು ವರ್ಷದಲ್ಲಿ ದೇವರ ಮೇಲೆ ಅವಳಿಗೂ ನಿಜವಾದ ಸಿಟ್ಟೇ ಬಂದುಬಿಟ್ಟಿತು. ಎಂಥ ಹೆಂಗಸು ನೋಡಿ!

ಚಿತ್ತಣ್ಣ ಆಮೇಲೆ ಗುಡಿಯ ಕಡೆ ತಲೆ ಹಾಕಲಿಲ್ಲ. ಜುಂಜಮ್ಮ ಸಾಯುವಾಗ ರಂಗಪ್ಪನ ತೀರ್ಥ ಕೇಳಿದರೆ ಅದನ್ನು ತರಲು ಪಕ್ಕದ ಮನೆಯವರನ್ನು ಕಳಿಸಿದ. ಹಟ್ಟಿಯ ಹಿರಿಯರು ಎರಡು ಸಲ ಮನೆಗೆ ಬಂದು ಕೇಳಿಕೊಂಡರು, ಇವನು ಎದ್ದು ಕುರಿ ದೊಡ್ಡಿಗೆ ಹೋದ. ಬೇರೆ ಯಾರಿಗೂ ಗಣೆ ಬಾರದು. ಈಗ ಹೂವು ಕೇಳುವಾಗ ಹುಚ್ಚರಂಗಯ್ಯನ ಮಗ ರುದ್ರೇಶ ಮೊಬೈಲಿನಲ್ಲಿ ಯಾವುದೋ ಭಕ್ತಿಗೀತೆ ಹಾಕುತ್ತಾನೆ. ಶಶಿರೇಖಾ ತವರಿಗೆ ಹೋದಾಗಲೆಲ್ಲ ಚಿತ್ತಣ್ಣ ಒಂದೇ ಮಾತು ಹೇಳುತ್ತಿದ್ದ: “ಹೂ ಕೇಳಾಣ ಅಂದೋನು ನಾನು. ನಿನ್ ಬಾಳು ನಾನೇ ಕೆಡಿಸ್ದೆ ಕಣವ್ವ.” ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು. ಅವನು ಅದನ್ನು ದುಃಖ ಎಂದುಕೊಳ್ಳುತ್ತಿದ್ದ.

ಮದುವೆಯಾಗಿ ಬಂದ ವರ್ಷವೇ ಅವಳು ತಿಪಟೂರಿನ ಅಜೀಮುನ್ನೀಸಾ ಆಪಾ ಹತ್ತಿರ ಹೊಲಿಗೆ ಕಲಿಯಲು ಸೇರಿದಳು. ಮೊದಲ ದಿನವೇ ಆಪಾ ಒಂದು ರವಿಕೆಯನ್ನು ಮೇಜಿನ ಮೇಲೆ ಹರವಿ, ಬಲ ಯಾವುದು ತೋರಿಸು ಎಂದಳು. ಶಶಿರೇಖಾ ತನ್ನ ಬಲಗಡೆಯ ತೋಳನ್ನು ಮುಟ್ಟಿದಳು. “ಅರೆ, ತಪ್ಪು. ಎದುರಿಗೆ ನಿಂತೋರ್ದು ಲೆಕ್ಕಕ್ಕಿಲ್ಲ ಬೇಟಿ, ಹಾಕ್ಕೊಳ್ಳೋರ ಬಲಾನೇ ಬಲ. ಇಷ್ಟೂ ಗೊತ್ತಿಲ್ವಾ?” ಶಶಿರೇಖಾ ರವಿಕೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಆಪಾ ಗಾಬರಿಯಾಗಿ ಚಹಾ ತರಿಸಿ ಕುಡಿಸಿದಳು, ಏನು ಎತ್ತ ಎಂದು ಕೇಳಲಿಲ್ಲ. ಈಗ ಶಶಿರೇಖಾ ತಾನೇ ನಾಲ್ಕು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಾಳೆ. ದಿನಕ್ಕೊಂದು ಸಲ ಅವರಿಗೆ ಅದೇ ಪಾಠ ಹೇಳುತ್ತಾಳೆ. ಹೇಳುವಾಗ ಅವರ ಮುಖ ನೋಡುವುದಿಲ್ಲ.

ಈ ವರ್ಷ ಜೂನ್ ತಿಂಗಳಲ್ಲಿ ಮತ್ತೊಂದು ಕಾಗದ ಬಂತು. ಕಾಗದವೂ ಅಲ್ಲ, ಮೊಬೈಲಿಗೆ ಮೆಸೇಜು. ಮಗಳು ಹೊಂಬಾಳೆಗೆ ಈಗ ಹದಿನೆಂಟು. ಈರೇಶನ ಅಜ್ಜಿ ಹೊಂಬಾಳಮ್ಮನ ಹೆಸರನ್ನೇ ಕತ್ತರಿಸಿ ಇಟ್ಟದ್ದು. ದನ ಕುರಿ ಎಂದರೆ ಪ್ರಾಣ ಬಿಡುವ ಹುಡುಗಿ. ಪಶುವೈದ್ಯಕೀಯ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದಳು, ಸಿಕ್ಕಿತು. ಕಾಲೇಜು ದೂರ, ಒಂದು ದಿನದ ದಾರಿ, ಹಾಸ್ಟೆಲಿನಲ್ಲಿ ಇರಬೇಕು. ಸೇರಲು ಹತ್ತು ದಿನ ಟೈಮು. ಈರೇಶ ಕುಣಿದಾಡಿದ. ಹುಡುಗಿ ಎರಡು ದಿನ ಏನೂ ಮಾತಾಡದೆ, ಮೂರನೆಯ ದಿನ ಬೆಳಿಗ್ಗೆ ಮೆಷಿನ್ನಿನ ಹತ್ತಿರ ಬಂದು ನಿಂತಳು.

“ಅಮ್ಮಾ, ತಾತನ ಹಟ್ಟಿಗೆ ಹೋಗಿ ಹೂ ಕೇಳಾಣ. ದೇವರು ಹೆಂಗೆ ಕೊಡ್ತಾನೋ ಹಂಗೆ.”

ಶಶಿರೇಖಾಳ ಕಾಲು ಪೆಡಲಿನ ಮೇಲೆ ನಿಂತಿತು. ಹುಡುಗಿ ನೆಲ ನೋಡುತ್ತಿದ್ದಳು. ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಿತ್ತು. ಇವಳು ಬಲ ಬೇಡಲು ಹೋಗುತ್ತಿಲ್ಲ ಎಂದು ಶಶಿರೇಖಾಳಿಗೆ ತಕ್ಷಣ ಗೊತ್ತಾಯಿತು.

ಆವತ್ತೇ ಅವಳು ಹೊಲಿದ ರವಿಕೆಗಳ ಗಂಟು ಕೊಡುವ ನೆಪದಲ್ಲಿ ತಿಪಟೂರಿಗೆ ಹೋದಳು. ಆಪಾಗೆ ಈಗ ಅರವತ್ತೈದು ದಾಟಿದೆ, ಕನ್ನಡಕದ ಮೇಲೊಂದು ಭೂತಗನ್ನಡಿ. ಶಶಿರೇಖಾ ಗಂಟು ಬಿಚ್ಚುವ ಬದಲು ಇಪ್ಪತ್ತೊಂದು ವರ್ಷದ್ದನ್ನು ಬಿಚ್ಚಿದಳು. ಮೊದಲ ಬಾರಿಗೆ, ಒಬ್ಬರ ಮುಂದೆ, ಪೂರ್ತಿ. ಆಪಾ ಕೇಳಿ ಮುಗಿಸಿ ಕತ್ತರಿಯನ್ನು ಒರೆಸಿ ಕೆಳಗಿಟ್ಟಳು.

“ನಮ್ ಅಂಗ್ಡೀಲಿ ಬಟ್ಟೆ ತಪ್ಪಾಗಿ ಕತ್ತರಿಸಿಬುಟ್ರೆ ಗಿರಾಕಿ ಮುಂದೆ ಯಾರು ಹೋಗಿ ಹೇಳ್ತಾರೆ?” ಎಂದು ಕೇಳಿದಳು.

“ಕತ್ತರಿಸಿದೋರು.”

“ನಾನು ಯಾವತ್ತಾದ್ರೂ ನಿನ್ ಬದಲಿಗೆ ಹೋಗಿದೀನಾ?”

“ಇಲ್ಲ ಆಪಾ.”

“ಹಂಗಾದ್ರೆ ನನ್ ಹತ್ರ ಯಾಕೆ ಅಳ್ತೀಯ? ಬಸ್ ಹತ್ತು.” ಅಷ್ಟು ಹೇಳಿ ಆಪಾ ರವಿಕೆಗಳ ಗಂಟು ಎಳೆದುಕೊಂಡಳು. ಅವಳ ಕಣ್ಣೂ ಒದ್ದೆಯಾಗಿತ್ತು, ಆದರೆ ಬೈಯುವ ದನಿ ಮಾತ್ರ ಮೆತ್ತಗಾಗಲಿಲ್ಲ.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಶೆಟ್ಟಿಕೆರೆಯಲ್ಲಿ ಬಸ್ಸಿಳಿದು ಹಟ್ಟಿಯ ದಾರಿ ಹಿಡಿದರು. ಎರಡೂ ಕಡೆ ತೆಂಗಿನ ತೋಟ, ಮಧ್ಯೆ ಮಧ್ಯೆ ರಾಗಿ ಹೊಲ. ಹೊಂಬಾಳೆ ದಾರಿಯುದ್ದಕ್ಕೂ ಯಾರದೋ ಮೇಕೆಗಳನ್ನು ಮಾತಾಡಿಸಿಕೊಂಡು ಬಂದಳು. ಶಶಿರೇಖಾ ಹೇಳಬೇಕಾದದ್ದನ್ನು ಬಾಯಲ್ಲಿ ಇಟ್ಟುಕೊಂಡು ನಡೆದಳು. ಅದು ಇಷ್ಟೇ ಇಷ್ಟು ಮಾತು, ಆದರೂ ಬಾಯಿ ತುಂಬಿತ್ತು.

ಚಿತ್ತಣ್ಣ ಶೀಟು ಹೊದಿಸಿದ ಮನೆಯ ಜಗಲಿಯಲ್ಲಿ ಕೂತಿದ್ದ. ಎಪ್ಪತ್ತೆರಡು ವರ್ಷ. ಎರಡು ವರ್ಷದಿಂದ ಉಬ್ಬಸ. ಕುರಿಗಳನ್ನೆಲ್ಲ ಕೊಟ್ಟುಬಿಟ್ಟಿದ್ದ, ಒಂದು ಮುದಿ ಟಗರು ಮಾತ್ರ ಕಂಬಕ್ಕೆ ಕಟ್ಟಿತ್ತು. ಮೊಮ್ಮಗಳನ್ನು ನೋಡಿ ಮುಖ ಅರಳಿತು. ಸೀಟು ಸಿಕ್ಕಿದ ಸುದ್ದಿ ಕೇಳಿ ಟಗರಿನ ಬೆನ್ನು ತಟ್ಟಿ, “ಕೇಳುಸ್ಕಂಡ್ಯೇನ್ಲಾ? ಡಾಕ್ಟ್ರು ಬಂದವ್ರೆ,” ಎಂದ. ಆಮೇಲೆ ಹುಡುಗಿ, “ತಾತ, ಅದಕ್ಕೇ ಹೂ ಕೇಳಕ್ಕೆ ಬಂದಿವಿ,” ಎಂದಳು.

ಮುದುಕನ ಮುಖ ಕೆಂಪಾಯಿತು.

“ಬ್ಯಾಡ!” ಎಂದು ಕೂಗಿದ, ಕೂಗಿ ಕೆಮ್ಮಿದ. “ಆ ಸುಳ್ಳುಗಾರನತ್ರ ಕೇಳ್ಬ್ಯಾಡಿ. ನಿಮ್ಮವ್ವನ ಬಾಳು ನುಂಗ್ಕೊಂಡೋನು ಅವನು. ನಾನೂ ಸೇರ್ಕಂಡು ಕೆಡಿಸ್ದೆ. ಇನ್ನು ನಿಂದೂ ಕೆಡಿಸ್ಲಾ? ಅವನ ಗುಡಿಗೆ ಬೆಂಕಿ ಬೀಳ.”

“ಅಪ್ಪ,” ಎಂದಳು ಶಶಿರೇಖಾ. “ಅವನನ್ನ ಬೈಬ್ಯಾಡ.”

“ಬೈದೇ ಇನ್ನೇನು ಮುದ್ದಾಡ್ಲಾ?”

“ಅವನು ಬಲಕ್ಕೇ ಕೊಟ್ಟಿದ್ದ ಅಪ್ಪ.”

ಟಗರು ತಲೆ ಕೊಡವಿತು, ಅದರ ಕೊರಳಿನ ಗಂಟೆ ಸದ್ದು ಮಾಡಿತು. ಚಿತ್ತಣ್ಣನಿಗೆ ಕೇಳಿಸಿತೋ ಇಲ್ಲವೋ. ಹೊಂಬಾಳೆ ತಾಯಿಯ ಮುಖವನ್ನು ನೋಡಿದಳು.

“ಹೂವು ನನ್ ಎಡಗಡೆಗೆ ಬಿತ್ತು. ಹುಚ್ಚರಂಗಯ್ಯಪ್ಪಂಗೆ ಕಣ್ಣು ಕಾಣ್ತಿರ್ಲಿಲ್ಲ. ಯಾವ ಕಡೀಕೆ ಅಂತ ಕೇಳ್ತು. ನಾನು ಎಡಕ್ಕೆ ಅಂದೆ.” ಇಷ್ಟಕ್ಕೇ ನಿಲ್ಲಿಸಬಹುದು ಎಂದು ಒಂದು ಕ್ಷಣ ಅನ್ನಿಸಿತು. ಗೊತ್ತಾಗದೆ ಆದದ್ದು, ಚಿಕ್ಕ ಹುಡುಗಿ, ಎಡ ಬಲ ಹೆಚ್ಚುಕಮ್ಮಿಯಾಯಿತು ಎಂದು ಬಿಟ್ಟುಬಿಡಬಹುದು. ಮುದುಕ ಅದನ್ನೇ ನಂಬುತ್ತಾನೆ. ನಂಬಿ ಇವಳನ್ನೇ ಸಮಾಧಾನ ಮಾಡುತ್ತಾನೆ. ಶಶಿರೇಖಾ ಜಗಲಿಯ ಕಂಬ ಹಿಡಿದುಕೊಂಡಳು. “ನಂಗೆ ಗೊತ್ತಿತ್ತು ಅಪ್ಪ. ದೇವರ ಬಲಾನೇ ಬಲ ಅಂತ ಗೊತ್ತಿತ್ತು. ಗೊತ್ತಿದ್ದೇ ಅಂದೆ. ನಂಗೆ ಹೋಗಕ್ಕೆ ಭಯ ಆಗಿತ್ತು. ನಾನು ಒಲ್ಲೆ ಅನ್ನೋದನ್ನ ಅವನ ಬಾಯಿಗೆ ಹಾಕ್ದೆ. ನೀನು ನನ್ ಬಾಳು ಕೆಡಿಸ್ಲಿಲ್ಲ. ಅವನೂ ಕೆಡಿಸ್ಲಿಲ್ಲ. ನಾನೇ ಹೋಗ್ಲಿಲ್ಲ.”

ಚಿತ್ತಣ್ಣ ಅವಳನ್ನೇ ನೋಡಿದ. ಬೈಯುತ್ತಾನೆ, ಹೊಡೆಯುತ್ತಾನೆ, ಮನೆಯಿಂದ ಆಚೆ ಹೋಗು ಎನ್ನುತ್ತಾನೆ ಎಂದು ಅವಳು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಬಂದಿದ್ದಳು. ಅವನು ಕೇಳಿದ್ದೇ ಬೇರೆ.

“ಕೊಟ್ಟಿದ್ನಾ?” ಎಂದ.

“ಹೂಂ ಅಪ್ಪ.”

“ಬಲಕ್ಕೆ? ನಿಜವಾಗ್ಲೂ? ನಾನು ಊದ್ತಿದ್ದಾಗ್ಲೇ ಬಿತ್ತಾ?”

“ನೀನು ಊದ್ತಿದ್ದಾಗ್ಲೇ ಬಿತ್ತು. ಭುಜದ ಮೇಲೆ ಜಾರ್ಕಂಡು ಪಾದದತ್ರ ಬಿತ್ತು.”

“ಹಂಗಾರೆ ನನ್ ಮಾತು ತಗ್ದಾಕಿರ್ಲಿಲ್ಲ ಅವನು,” ಎಂದ ಚಿತ್ತಣ್ಣ. ಮುದುಕನ ಮುಖದ ತುಂಬ ನಗು. ಇಪ್ಪತ್ತೊಂದು ವರ್ಷದ ಹಿಂದೆ ಬೇವಿನ ಮರದ ಕೆಳಗೆ ಅರ್ಧಕ್ಕೆ ನಿಂತಿದ್ದ ಅದೇ ನಗು. ಶಶಿರೇಖಾಳಿಗೆ ಅದನ್ನು ನೋಡಲಾಗಲಿಲ್ಲ. ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು. “ಕೊಟ್ಟಿದ್ದ ಕಣೇ! ಕೇಳಿದ್ ಕೂಡ್ಲೆ ಕೊಟ್ಟಿದ್ದ! ಲೇ ಹೊಂಬಾಳೆ, ಹತ್ತು ಮಗ, ಅಟ್ಟದ ಮೇಲೆ ಕಂಬಳಿ ಗಂಟೈತೆ, ತಗಿ.”

ಹುಡುಗಿ ಸ್ಟೂಲು ಹಾಕಿಕೊಂಡು ಹತ್ತಿ, ಧೂಳಿನ ಗಂಟನ್ನು ಇಳಿಸಿದಳು. ಹುರಿಯ ಗಂಟು ಬಿಚ್ಚಲು ಬರಲಿಲ್ಲ, ಕುಡುಗೋಲಿನಿಂದ ಕುಯ್ಯಬೇಕಾಯಿತು. ಬಿದಿರು ಚೆನ್ನಾಗಿಯೇ ಇತ್ತು. ಬಣ್ಣ ಮಾತ್ರ ಹಳೆಯ ತುಪ್ಪದ ಹಾಗೆ ಗಾಢವಾಗಿತ್ತು. ಚಿತ್ತಣ್ಣ ಪಂಚೆಯ ತುದಿಯಿಂದ ಅದನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಕಣ್ಣು ಮುಚ್ಚಿ ಬಾಯಿಗಿಟ್ಟ.

ಬರೀ ಗಾಳಿ ಬಂತು.

ಮತ್ತೆ ಊದಿದ. ಎದೆ ಗೊರಗೊರ ಎಂದಿತು, ಗಣೆ ಏನೂ ಅನ್ನಲಿಲ್ಲ. ಬೆರಳುಗಳು ತಮ್ಮ ಜಾಗ ಹುಡುಕಿಕೊಂಡವು, ಅವಕ್ಕೆ ಮರೆತಿರಲಿಲ್ಲ. ಮೂರನೆಯ ಸಲಕ್ಕೆ ಕೆಮ್ಮು ಹತ್ತಿತು. ಹೊಂಬಾಳೆ ಓಡಿಹೋಗಿ ನೀರು ತಂದಳು. ಕುಡಿದು ಸುಧಾರಿಸಿಕೊಂಡ ಮೇಲೆ ಅವನು ಗಣೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಮಗಳ ಕಡೆ ತಿರುಗಿದ. ನಗು ಆಗಲೇ ಹೋಗಿತ್ತು.

“ಉಸುರಿಲ್ಲ ಕಣವ್ವ,” ಎಂದ.

ಶಶಿರೇಖಾ ಅವನ ಕಾಲ ಹತ್ತಿರ ಕುಸಿದಳು. “ನನ್ನಿಂದ ಅಪ್ಪ. ನನ್ನಿಂದ.”

“ಹಿಂದಿನ್ ದಿನ ಕೇಳಿದ್ನಲ್ಲ ನಿನ್ನ. ಇಷ್ಟ ಐತಾ, ನಿಜ ಹೇಳು ಅಂತ ಕೇಳಿದ್ನಲ್ಲ.”

“ಕೇಳಿದ್ದೆ.”

“ಒಲ್ಲೆ ಅಂದಿದ್ರೆ ಆಗಿತ್ತಲ್ಲವ್ವ. ಒಂದೇ ಮಾತು. ನಾನೇನು ಹೊಡೀತಿದ್ನಾ?”

“ಇಲ್ಲ ಅಪ್ಪ. ನೀನು ಹೊಡೀತಿರ್ಲಿಲ್ಲ.”

ಅವನು ಹೋಗಲಿ ಬುಡು ಎನ್ನಲಿಲ್ಲ. ಅವಳ ತಲೆಯ ಮೇಲೆ ಕೈಯೂ ಇಡಲಿಲ್ಲ. ಕೋಲು ಊರಿಕೊಂಡ, ಗಣೆಯನ್ನು ಕಂಕುಳಲ್ಲಿ ಇಟ್ಟುಕೊಂಡ, ಮೆಟ್ಟು ಹಾಕಿಕೊಳ್ಳದೆ ಅಂಗಳಕ್ಕಿಳಿದು ಗುಡಿಯ ಕಡೆ ಹೊರಟ. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ತಾಯಿ ಮಗಳು ಹಿಂದೆ ಹಿಂದೆ ನಡೆದರು.

“ಅಮ್ಮಾ,” ಎಂದಳು ಹೊಂಬಾಳೆ ಸ್ವಲ್ಪ ದೂರ ಹೋದ ಮೇಲೆ. “ನಂಗೆ ಅಲ್ಲೀಗೆ ಹೋಗಕ್ಕೆ ಭಯ.”

“ಗೊತ್ತು.”

“ನಾನು ಒಲ್ಲೆ ಅಂದ್ರೆ ಬೈತೀಯ?”

“ಬೈತೀನಿ. ಬೈದು ಸುಮ್ನಾಗ್ತೀನಿ. ಆದ್ರೆ ಒಲ್ಲೆ ಅನ್ನೋದಾದ್ರೆ ನಿನ್ ಬಾಯಲ್ಲೇ ಅನ್ನು. ಹೋಗ್ತೀನಿ ಅನ್ನೋದನ್ನೂ ನೀನೇ ಅನ್ನು.”

ಹುಡುಗಿ ತಾತನ ಬೆನ್ನನ್ನು ನೋಡುತ್ತ ನಡೆದಳು. ಗುಡಿ ಕಾಣಿಸಿದಾಗ, “ಹೋಗ್ತೀನಿ,” ಎಂದಳು. “ಆಗ್ದೇ ಹೋದ್ರೆ ವಾಪಸ್ ಬತ್ತೀನಿ. ಬರೋ ಮುಂಚೆ ನಾನೇ ಫೋನ್ ಮಾಡಿ ಹೇಳ್ತೀನಿ, ನಂಗೆ ಆಗ್ಲಿಲ್ಲ ಅಂತ.” ಶಶಿರೇಖಾ ಅವಳ ಕೈ ಹಿಡಿದುಕೊಂಡಳು.

ಚಿತ್ತಣ್ಣ ಗುಡಿಯೊಳಗೆ ಹೋಗಲಿಲ್ಲ. ಹೊಸ್ತಿಲ ಹತ್ತಿರ ನಿಂತು ಒಳಗೆ ನೋಡಿದ. ಕೈ ಮುಗಿದ. ಏನು ಹೇಳಿಕೊಂಡನೋ ಯಾರಿಗೂ ಕೇಳಲಿಲ್ಲ. ಆಮೇಲೆ ಬೇವಿನ ಮರದ ಕೆಳಗೆ, ತನ್ನ ಹಳೆಯ ಕಲ್ಲಿನ ಮೇಲೆ ಹೋಗಿ ಕೂತ. ಗಣೆ ಹಿಡಿದ ಚಿತ್ತಣ್ಣನನ್ನು ನೋಡಿ ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ರುದ್ರೇಶ ಕೈಯಲ್ಲಿದ್ದ ಮೊಬೈಲು ಆಫ್ ಮಾಡಿದ. ನೀರು ಹೊತ್ತು ಹೋಗುತ್ತಿದ್ದ ಹಟ್ಟಿಯ ಕೆಂಪಕ್ಕ ಕೊಡ ಇಳಿಸಿ ಹತ್ತಿರವೇ ಬಂದಳು. ಕೆಂಪಕ್ಕನ ಕಿವಿಗೆ ಬಿದ್ದದ್ದು ಹೊತ್ತು ಮುಳುಗುವ ಮುಂಚೆ ಶೆಟ್ಟಿಕೆರೆ ಮುಟ್ಟುತ್ತದೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ.

“ಏನ್ ನರ್ಸಮ್ಮ, ಮಗಳಿಗೆ ಹೂ ಕೇಳಕ್ಕೆ ಬಂದ್ಯಾ?” ಎಂದಳು ಕೆಂಪಕ್ಕ. “ಹುಷಾರು ಕಣವ್ವ. ನಿಂಗೆ ಎಡಕ್ಕೆ ಕೊಟ್ಟೋನು.”

ಶಶಿರೇಖಾ ಮರದ ಕೆಳಗೆ ನೋಡಿದಳು. ಅಪ್ಪ ಇತ್ತ ಕಡೆ ನೋಡುತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದ.

“ಇಲ್ಲ ಕೆಂಪಕ್ಕ,” ಎಂದಳು. ಬಾಗಿಲಲ್ಲಿ ನಿಂತವರಿಗೂ ಕೇಳಲಿ ಎಂದು ದನಿ ಎತ್ತಿದಳು. “ನಂಗೆ ಬಲಕ್ಕೇ ಕೊಟ್ಟಿದ್ದ. ನಾನು ಎಡ ಅಂತ ಸುಳ್ಳು ಹೇಳ್ದೆ. ನರ್ಸ್ ಆಗಕ್ಕೆ ನಾನೇ ಒಲ್ಲೆ ಅಂದೋಳು.”

ಕೆಂಪಕ್ಕ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇವಿನ ಮರದ ಕೆಳಗೆ ಚಿತ್ತಣ್ಣ ಕಣ್ಣು ಮುಚ್ಚಿ ಗಣೆಯನ್ನು ಮತ್ತೆ ಬಾಯಿಗಿಟ್ಟ. ಈ ಸಲವೂ ಗಾಳಿಯೇ ಬಂತು. ಅವನು ನಿಲ್ಲಿಸಲಿಲ್ಲ, ಬೆರಳುಗಳು ಇಡೀ ಹಾಡನ್ನು ಬಿಡದೆ ನುಡಿಸಿದವು, ಮುಗಿಯುವ ತನಕ ಶಶಿರೇಖಾ ಎದುರಿಗೆ ನಿಂತು ಆ ಗಾಳಿಯನ್ನು ಕೇಳಿಸಿಕೊಂಡಳು.